ನಗರದೊಳಗಿನ ಸ್ಮಾರಕ ಹಾದಿ: ನೀರು ಬಂದ ದಾರಿಯೋ, ನೆರಳಿರುವ ದಾರಿಯೋ?

ಪ್ರಶ್ನೆ: ನದೀತೀರ

ನಮಸ್ಕಾರ. ವರ್ಷಗಳ ಹಿಂದೆ ನಮ್ಮ ನಗರದಲ್ಲಿ ನದಿ ಉಕ್ಕಿ ಹರಿದು ಹಲವರು ಪ್ರಾಣ ಕಳೆದುಕೊಂಡರು. ಅವರ ನೆನಪಿಗೆ ಒಂದೆಡೆ ಕಲ್ಲು ನೆಟ್ಟು ಸುಮ್ಮನಾಗುವ ಬದಲು, ಜನ ನಡೆದೋ ಸೈಕಲ್ ತುಳಿದೋ ಸಾಗಬಹುದಾದ ಸುಮಾರು 14 ಕಿ.ಮೀ. ಉದ್ದದ ಹಾದಿಯೊಂದನ್ನು ರೂಪಿಸಬೇಕೆಂದು ನಾವು ಕೆಲವರು ಸಮಿತಿ ಮಾಡಿಕೊಂಡಿದ್ದೇವೆ. ಹಾದಿ ಎಲ್ಲಿ ಹೋಗಬೇಕು ಎಂಬಲ್ಲಿಯೇ ಸಮಿತಿ ಎರಡಾಗಿದೆ. ನದಿಯಂಚಿನ ಉದ್ಯಾನದಲ್ಲಿ ಈಗಾಗಲೇ ಒಳ್ಳೆಯ ದಾರಿಯಿದೆ, ಮರಗಳ ನೆರಳಿದೆ, ವಾಹನಗಳ ಕಾಟವಿಲ್ಲ. ಅಲ್ಲಿ ಫಲಕಗಳನ್ನು ನಿಲ್ಲಿಸಿದರೆ ಖರ್ಚೂ ಕಡಿಮೆ ಎನ್ನುವವರು ಒಂದು ಕಡೆ. ನೀರು ಎಲ್ಲಿಯವರೆಗೆ ಏರಿತೋ ಆ ಗೆರೆಯನ್ನೇ ಹಿಡಿದು, ಹಳೆಯ ಬಡಾವಣೆಗಳ ಇಕ್ಕಟ್ಟಿನ ಬೀದಿಗಳ ಮೂಲಕವೇ ಹೋಗಬೇಕು ಎನ್ನುವವರು ಇನ್ನೊಂದು ಕಡೆ. ನಾನು ಇದುವರೆಗೆ ಮೊದಲಿನವರ ಜೊತೆಗಿದ್ದೇನೆ, ಆದರೆ ಮನಸ್ಸಿಗೆ ಪೂರ್ತಿ ಸಮಾಧಾನವಿಲ್ಲ.

ಇದರ ಜೊತೆಗೆ ಇನ್ನೆರಡು ಸಂಶಯಗಳಿವೆ. ನಡೆಯುವವರಿಗೂ ಸೈಕಲ್ ಸವಾರರಿಗೂ ಒಂದೇ ಹಾದಿ ಸಾಕೇ? ಮೃತರ ಹೆಸರುಗಳನ್ನು ನೆಲದಲ್ಲಿ ಹುದುಗಿಸುವುದು ಸರಿಯೇ? ಇಡೀ 14 ಕಿ.ಮೀ. ಅನ್ನು ಒಂದೇ ಸಲಕ್ಕೆ ಮಾಡುವಷ್ಟು ಹಣ ನಮ್ಮಲ್ಲಿಲ್ಲ ಎಂಬುದನ್ನು ಗಮನದಲ್ಲಿಟ್ಟು ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಹಳೆಯನಕ್ಷೆ

ನಿಮ್ಮ ಅಸಮಾಧಾನಕ್ಕೆ ಕಾರಣವಿದೆ. ಉದ್ಯಾನದ ದಾರಿಯಲ್ಲಿ ಫಲಕಗಳನ್ನು ನಿಲ್ಲಿಸಿದರೆ ಅದು ಫಲಕಗಳಿರುವ ಉದ್ಯಾನವಾಗುತ್ತದೆ. ಆ ಫಲಕಗಳನ್ನು ನಾಳೆ ಕಿತ್ತು ಬೇರೆ ಉದ್ಯಾನದಲ್ಲಿ ನೆಟ್ಟರೂ ಏನೂ ವ್ಯತ್ಯಾಸವಾಗುವುದಿಲ್ಲ. ನೀರಿನ ಗೆರೆಯನ್ನು ಹಾಗೆ ಎತ್ತಿ ಬೇರೆಡೆ ಇಡಲು ಬರುವುದಿಲ್ಲ.

ಈ ಬಗೆಯ ಹಾದಿಗಳಲ್ಲಿ ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲ್ಯಾನಾದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಫೆಬ್ರುವರಿಯಲ್ಲಿ, ಇಟಲಿಯ ಸೇನೆ ಆ ಇಡೀ ನಗರದ ಸುತ್ತ ಮುಳ್ಳುತಂತಿಯ ಬೇಲಿ ಹಾಕಿತು. 1945ರ ಮೇ 9ರಂದು ನಗರ ವಿಮೋಚನೆಗೊಳ್ಳುವವರೆಗೂ ಜನ ಆ ಬೇಲಿಯೊಳಗೇ ಬದುಕಿದರು. ಇಂದು ಆ ಬೇಲಿಯ ಜಾಡಿನಲ್ಲೇ 30 ಕಿ.ಮೀ.ಗೂ ಹೆಚ್ಚು ಉದ್ದದ, ಇಬ್ಬದಿ ಮರಗಳಿರುವ ಹಾದಿ ನಗರವನ್ನು ಸುತ್ತುತ್ತದೆ. ಬೆಳಗಿನ ಓಟಕ್ಕೆ ಬರುವವರು, ನಾಯಿಯನ್ನು ಕರೆದುಕೊಂಡು ಬರುವವರು, ಸೈಕಲ್ ಕಲಿಯುವ ಮಕ್ಕಳು ಎಲ್ಲರೂ ಅದನ್ನು ಬಳಸುತ್ತಾರೆ. ಅಲ್ಲಿ ಓದಬೇಕಾದ ಬರಹ ಹೆಚ್ಚೇನೂ ಇಲ್ಲ. ನಡೆಯುತ್ತ ನಡೆಯುತ್ತ ಹೊರಟಲ್ಲಿಗೇ ಬಂದು ತಲುಪಿದಾಗ, ಒಂದು ನಗರವನ್ನು ಪೂರ್ತಿಯಾಗಿ ಸುತ್ತುವರಿಯುವುದೆಂದರೇನು ಎಂಬುದು ಕಾಲಿಗೇ ತಿಳಿದಿರುತ್ತದೆ. ಗಮನಿಸಿ, ನೆರಳಿಗಾಗಿ ಅವರು ಗೆರೆಯನ್ನು ಬಿಟ್ಟು ಹೋಗಲಿಲ್ಲ, ಗೆರೆಯ ಮೇಲೆಯೇ ಮರ ನೆಟ್ಟರು.

ಬರ್ಲಿನ್ ಗೋಡೆಯ ಹಾದಿಯೂ ಹಾಗೆಯೇ. ಹಿಂದಿನ ಪಶ್ಚಿಮ ಬರ್ಲಿನ್ನಿನ ಸುತ್ತ ಸುಮಾರು 160 ಕಿ.ಮೀ. ಉದ್ದಕ್ಕೆ ಸಾಗುವ ಈ ಹಾದಿಯ ಹೆಚ್ಚಿನ ಭಾಗ ಹೊಸದಾಗಿ ಕಡಿದದ್ದಲ್ಲ. ಒಂದು ಬದಿಯಲ್ಲಿ ಗಡಿ ಕಾವಲುಪಡೆಯ ವಾಹನಗಳು ಓಡಾಡುತ್ತಿದ್ದ ದಾರಿಯನ್ನೂ ಇನ್ನೊಂದು ಬದಿಯಲ್ಲಿ ಸುಂಕದವರು ಗಸ್ತು ತಿರುಗುತ್ತಿದ್ದ ದಾರಿಯನ್ನೂ ಬಳಸಿಕೊಂಡು 2002ರಿಂದ 2006ರವರೆಗೆ ರೂಪಿಸಿದ್ದು. ನಗರದ ನಟ್ಟನಡುವೆ, ಗೋಡೆಯ ಗುರುತೇ ಉಳಿಯದ ಕಡೆ, ರಸ್ತೆಯಲ್ಲಿ ಎರಡು ಸಾಲು ಕಲ್ಲುಗಳನ್ನು ಕೂರಿಸಿದ್ದಾರೆ. ಆ ಸಾಲು ವಾಹನಗಳ ಚಕ್ರದಡಿ, ಪಾದಚಾರಿ ಮಾರ್ಗದ ಅಡ್ಡಡ್ಡ ಸಾಗುತ್ತದೆ. ಅದನ್ನು ದಾಟುವವರು ಒಂದು ಕ್ಷಣ ಕೆಳಗೆ ನೋಡುತ್ತಾರೆ, ಅಷ್ಟು ಸಾಕು.

ಉದ್ಯಾನದ ಹಾದಿ ಯಾವಾಗಲೂ ತಪ್ಪೆಂದು ನಾನು ಹೇಳುತ್ತಿಲ್ಲ. ರಾಜಕುಮಾರಿ ಡಯಾನಾ ನೆನಪಿಗೆ ಲಂಡನ್ನಿನಲ್ಲಿ 2000ದಲ್ಲಿ ತೆರೆದ ಸುಮಾರು 11 ಕಿ.ಮೀ. ನಡಿಗೆ ಹಾದಿ ನಾಲ್ಕು ಉದ್ಯಾನಗಳ ಮೂಲಕವೇ ಹೋಗುತ್ತದೆ, ನೆಲದಲ್ಲಿ 90 ಫಲಕಗಳಿವೆ. ಆದರೆ ಆಕೆ ವಾಸವಿದ್ದ ಅರಮನೆಯೂ ಬಾಳಿಗೆ ನಂಟಿದ್ದ ಕಟ್ಟಡಗಳೂ ಆ ಉದ್ಯಾನಗಳ ಆಸುಪಾಸಿನಲ್ಲೇ ಇವೆ. ನಿಮ್ಮಲ್ಲಿ ಪ್ರಾಣ ಹೋದದ್ದು ಉದ್ಯಾನದಲ್ಲಲ್ಲ, ಬೀದಿಗಳಲ್ಲಿ.

ಹಣದ ಮಾತಿಗೆ ಬಂದರೆ, 14 ಕಿ.ಮೀ. ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಫಲಕ ಹಾಕುವುದಕ್ಕಿಂತ ಎಡೆಬಿಡದ 2 ಕಿ.ಮೀ. ಅನ್ನು ಮೊದಲು ಪೂರ್ತಿ ಮುಗಿಸಿ. ತುಂಡಾದ ಹಾದಿಯನ್ನು ಯಾರೂ ಕೊನೆಯವರೆಗೆ ನಡೆಯುವುದಿಲ್ಲ.

ಉತ್ತರ 2: ನಿಧಾನಗಾಲಿ

ಸೈಕಲ್ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಗಂಟೆಗೆ 15 ಕಿ.ಮೀ. ಎಂಬ ಸಾಧಾರಣ ವೇಗದಲ್ಲಿ ಹೋಗುವ ಸವಾರ ಒಂದು ಸೆಕೆಂಡಿಗೆ ನಾಲ್ಕು ಮೀಟರಿಗೂ ಹೆಚ್ಚು ದೂರ ಸಾಗುತ್ತಾನೆ. ಅಂದರೆ ನೀವು ಫಲಕದಲ್ಲಿ ಐದು ಸಾಲು ಬರೆದರೆ, ಅವನು ಮೊದಲ ಸಾಲನ್ನು ಓದಿ ಮುಗಿಸುವುದರೊಳಗೆ ಫಲಕ ಬೆನ್ನ ಹಿಂದಿರುತ್ತದೆ. ಹಾಗಾಗಿ ಸೈಕಲ್ ಸವಾರನಿಗೆ ಬೇಕಾದದ್ದು ಎರಡೇ: ತಾನು ಹಾದಿಯ ಮೇಲಿದ್ದೇನೆ ಎಂದು ಮತ್ತೆ ಮತ್ತೆ ತಿಳಿಸುವ ಸರಳ ಗುರುತು, ಮತ್ತು ಇಳಿದು ನಿಲ್ಲಲು ಜಾಗ. ಬಾಸ್ಟನ್ ನಗರದ ಸ್ವಾತಂತ್ರ್ಯ ಹಾದಿಯಲ್ಲಿ 16 ಚಾರಿತ್ರಿಕ ಸ್ಥಳಗಳನ್ನು ಜೋಡಿಸುವುದು ಸುಮಾರು 4 ಕಿ.ಮೀ. ಉದ್ದದ ಒಂದು ಕೆಂಪು ಗೆರೆ. ಕೆಲವೆಡೆ ಬಣ್ಣ ಬಳಿದದ್ದು, ಕೆಲವೆಡೆ ಇಟ್ಟಿಗೆ. ನಕ್ಷೆಯೇ ಬೇಡ.

ಫಲಕದ ಮುಂದೆ ನಿಂತವರು ಹಾದಿಯ ಮೇಲೆಯೇ ನಿಲ್ಲುವಂತೆ ಮಾಡಬೇಡಿ. ಸ್ಮಾರಕ ಹಾದಿಗಳಲ್ಲಿ ನಾನು ಕಂಡ ಸಾಮಾನ್ಯ ತಪ್ಪು ಇದು. ನಾಲ್ಕು ಜನ ತಲೆ ಬಾಗಿಸಿ ಓದುತ್ತಿರುವಾಗ ಹಿಂದಿನಿಂದ ಗಂಟೆ ಬಾರಿಸುತ್ತ ಬರುವವನಿಗೂ ಮುಜುಗರ, ಓದುವವರಿಗೂ ಸಿಟ್ಟು. ಫಲಕವನ್ನು ಹಾದಿಯಿಂದ ಎರಡು ಮೀಟರಾದರೂ ಒಳಗೆ ಸರಿಸಿ, ಅದರ ಮುಂದೆ ಬೇರೆ ಬಗೆಯ ನೆಲಹಾಸು ಹಾಕಿ, ಸೈಕಲ್ ಒರಗಿಸಲು ಒಂದು ಕಂಬಿಯನ್ನೂ ಕೂರಲು ಒಂದು ಬೆಂಚನ್ನೂ ಇಡಿ.

ಇಬ್ಬರೂ ಹಂಚಿಕೊಳ್ಳುವ ಹಾದಿಯಾದರೆ ಕನಿಷ್ಠ 3 ಮೀಟರ್ ಅಗಲ ಬೇಕು. ನೀವು ಹೇಳುವ ಇಕ್ಕಟ್ಟಿನ ಬೀದಿಗಳಲ್ಲಿ ಅದು ಸಿಗಲಾರದು. ಅಲ್ಲಿ ನಡೆಯುವವರನ್ನು ಗೆರೆಯ ಮೇಲೆ ಬಿಟ್ಟು, ಸೈಕಲ್‌ಗಳನ್ನು ಪಕ್ಕದ ಬೀದಿಯಿಂದ ಸುತ್ತಿಸಿ ಮುಂದೆ ಕೂಡಿಸುವುದು ಮೇಲು. ಗಾಲಿಕುರ್ಚಿಯವರೂ ಬರುತ್ತಾರೆಂಬುದನ್ನು ಮರೆಯದೆ, ಇಳಿಜಾರು 20 ಮೀಟರಿಗೆ 1 ಮೀಟರಿಗಿಂತ ಕಡಿದಾಗದಂತೆಯೂ ತಡೆಗಂಬಗಳ ನಡುವೆ ಒಂದೂವರೆ ಮೀಟರ್ ತೆರವಿರುವಂತೆಯೂ ನೋಡಿಕೊಳ್ಳಿ.

ನೆಲದಲ್ಲಿ ಲೋಹದ ಪಟ್ಟಿ ಕೂರಿಸುವ ಯೋಚನೆಯಿದ್ದರೆ ಒಂದು ಮಾತು. ಮಳೆ ನಿಂತ ಒಂದು ಸಂಜೆ ಇಂಥದೇ ನುಣುಪಾದ ಹಿತ್ತಾಳೆ ಪಟ್ಟಿಯ ಮೇಲೆ ನನ್ನ ಮುಂದಿನ ಚಕ್ರ ಓರೆಯಾಗಿ ಹತ್ತಿ ಜಾರಿತು. ಮೊಣಕೈಯ ಗಾಯ ಒಣಗಲು ಮೂರು ವಾರ ಬೇಕಾಯಿತು. ಪಟ್ಟಿ ಸವಾರರ ದಿಕ್ಕಿಗೆ ನೇರ ಅಡ್ಡವಾಗಿರಲಿ, ಮೇಲ್ಮೈ ಒರಟಾಗಿರಲಿ, ತಿರುವಿನಲ್ಲಂತೂ ಬೇಡವೇ ಬೇಡ.

ಉತ್ತರ 3: ಕಾಗುಣಿತ

ಹೆಸರುಗಳ ವಿಷಯದಲ್ಲಿ ಆತುರ ಬೇಡವೆಂದು ಕಳಕಳಿಯಿಂದ ಹೇಳುತ್ತೇನೆ. ಇಂಥದೇ ಒಂದು ಪಟ್ಟಿಯನ್ನು ತಿದ್ದುವ ಕೆಲಸ ಹಿಂದೆ ನನ್ನ ಪಾಲಿಗೆ ಬಂದಿತ್ತು. ಸರ್ಕಾರಿ ದಾಖಲೆಯಲ್ಲಿ ಒಂದು ಕಾಗುಣಿತ, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಮನೆಯವರು ಕರೆಯುತ್ತಿದ್ದುದು ಮೂರನೆಯದು. ಒಬ್ಬ ತಾಯಿ ನಮ್ಮ ಕರಡು ಹಾಳೆಯನ್ನು ಕೈಗೆತ್ತಿಕೊಂಡು, ಮಗನ ಹೆಸರಿನಲ್ಲಿ ನಾವು ಬಿಟ್ಟಿದ್ದ ಒಂದು ಒತ್ತಕ್ಷರದ ಜಾಗವನ್ನು ಉಗುರಿನಿಂದ ಗೀರಿ ತೋರಿಸಿದರು, ಮಾತಾಡಲಿಲ್ಲ. ಆ ಹಾಳೆ ಇನ್ನೂ ನನ್ನ ಬಳಿ ಇದೆ. ಕಲ್ಲಿಗೆ ಇಳಿಸುವ ಮುನ್ನ ಪ್ರತಿಯೊಂದು ಮನೆಗೂ ಹೋಗಿ, ಬರೆದು ತೋರಿಸಿ, ಸಹಿ ಪಡೆಯಿರಿ. ಬೇಡವೆನ್ನುವ ಕುಟುಂಬಗಳೂ ಇರುತ್ತವೆ. ಅದಕ್ಕೆ ಕಾರಣ ಕೇಳುವ ಹಕ್ಕು ಸಮಿತಿಗಿಲ್ಲ.

ನೆಲದ ಮೇಲಿನ ಹೆಸರುಗಳ ಬಗ್ಗೆ ಎರಡು ಮಾತೂ ಇವೆ. ಜರ್ಮನಿಯ ಕಲಾವಿದ ಗುಂಟರ್ ಡೆಮ್ನಿಗ್ 1990ರ ದಶಕದಲ್ಲಿ ಆರಂಭಿಸಿದ ‘ಎಡವುಗಲ್ಲು’ಗಳನ್ನು ನೋಡಿ: ನಾಜಿಗಳ ಕ್ರೌರ್ಯಕ್ಕೆ ಬಲಿಯಾದವರು ತಾವಾಗಿ ಆರಿಸಿಕೊಂಡು ವಾಸವಿದ್ದ ಕೊನೆಯ ಮನೆಯ ಮುಂದೆ, 10 ಸೆಂ.ಮೀ. ಚೌಕದ ಗಾರೆಕಲ್ಲಿನ ಮೇಲೆ ಹಿತ್ತಾಳೆಯ ತಗಡು. ಹೆಚ್ಚಿನವು ‘ಇಲ್ಲಿ ವಾಸವಿದ್ದರು’ ಎಂದೇ ಶುರುವಾಗುತ್ತವೆ. ಓದಬೇಕಾದರೆ ಬಾಗಲೇಬೇಕು, ಆ ಬಾಗುವಿಕೆಯೇ ಗೌರವ ಎನ್ನುವವರಿದ್ದಾರೆ. ಇಂಥ ಕಲ್ಲುಗಳು ಯುರೋಪಿನಾದ್ಯಂತ ಲಕ್ಷ ದಾಟಿವೆ. ಆದರೂ ಮ್ಯೂನಿಕ್ ನಗರ ಸಾರ್ವಜನಿಕ ನೆಲದಲ್ಲಿ ಅವನ್ನು ಹಾಕಲು ಒಪ್ಪಲಿಲ್ಲ; ಸತ್ತವರ ಹೆಸರನ್ನು ಜನ ಮತ್ತೆ ತುಳಿಯುವಂತಾಗುತ್ತದೆ ಎಂಬುದು ಅಲ್ಲಿನ ಆಕ್ಷೇಪ. ಬದಲಿಗೆ ಕಣ್ಣಿನ ಮಟ್ಟಕ್ಕೆ ಬರುವಂತೆ ಗೋಡೆಯ ಫಲಕಗಳನ್ನೂ ಕಂಬಗಳನ್ನೂ ಇಡುವ ದಾರಿ ಹಿಡಿದರು.

ನಿಮ್ಮ ಹಾದಿಯ ಮೇಲೆ ಕಾಲಷ್ಟೇ ಅಲ್ಲ, ಚಕ್ರವೂ ಹರಿಯುತ್ತದೆ. ಹಾಗಾಗಿ ನನ್ನ ಒಲವು ಮ್ಯೂನಿಕ್ಕಿನ ಕಡೆಗೆ. ನೆಲದಲ್ಲಿ ನೀರಿನ ಗೆರೆ ಮಾತ್ರ ಇರಲಿ. ಹೆಸರುಗಳು ಕಂಬದ ಮೇಲಿರಲಿ. ಆ ಕಂಬದಲ್ಲಿ ನೀರು ಏರಿದ್ದ ಎತ್ತರಕ್ಕೆ ಒಂದು ಗೀರು ಹಾಕಿದರೆ ವಿವರಣೆಯೇ ಬೇಕಾಗುವುದಿಲ್ಲ.

ನದೀತೀರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಧನ್ಯವಾದಗಳು. ನನ್ನ ಪಕ್ಷ ಬದಲಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ಒಂದು ಉಪಪ್ರಶ್ನೆ: ಗೆರೆ ಹಾದುಹೋಗುವ ಕೆಲವೆಡೆ ಈಗ ಖಾಸಗಿ ಕಟ್ಟಡಗಳೆದ್ದಿವೆ. ಅಲ್ಲಿ ಏನು ಮಾಡುವುದು?

ಹಳೆಯನಕ್ಷೆ

ಸುತ್ತಿ ಹೋಗಿ, ಆದರೆ ಸುತ್ತಿದ್ದನ್ನು ಮುಚ್ಚಿಡಬೇಡಿ. ಕಟ್ಟಡದ ಈ ಮಗ್ಗುಲಲ್ಲಿ ಗೆರೆ ಗೋಡೆಗೆ ಬಡಿದು ನಿಲ್ಲಲಿ, ಆ ಮಗ್ಗುಲಲ್ಲಿ ಗೋಡೆಯಿಂದಲೇ ಹೊರಬರಲಿ. ನಡುವಿನ ಬಳಸುದಾರಿಯನ್ನು ಬೇರೆ ಗುರುತಿನಿಂದ ತೋರಿಸಿ.

ಉತ್ತರ 4: ಸಂಜೆನಡಿಗೆ

ಉದ್ಘಾಟನೆಯ ಮಾತೇ ಎಲ್ಲರೂ ಆಡುತ್ತಾರೆ, ಐದನೆಯ ವರ್ಷದ ಮಾತು ಯಾರೂ ಆಡುವುದಿಲ್ಲ. ಕೊಳವೆ ಹಾಕಲೆಂದು ರಸ್ತೆ ಅಗೆದವರು ನಿಮ್ಮ ಗೆರೆಯ ಮೇಲೆ ಡಾಂಬರು ಸುರಿದು ಹೋಗುತ್ತಾರೆ, ಕ್ಯುಆರ್ ಸಂಕೇತ ಬಿಸಿಲಿಗೆ ಮಾಸುತ್ತದೆ, ಗಿಡ ಬೆಳೆದು ಕಂಬವನ್ನು ಮುಚ್ಚುತ್ತದೆ. ಗೆರೆಯನ್ನು ನಗರದ ರಸ್ತೆ ನಕ್ಷೆಯಲ್ಲೇ ದಾಖಲಿಸಿ, ಅಗೆದವರೇ ಮೊದಲಿದ್ದಂತೆ ಕೂರಿಸಬೇಕೆಂಬ ಷರತ್ತನ್ನು ಅನುಮತಿ ಪತ್ರದಲ್ಲೇ ಸೇರಿಸಿಕೊಳ್ಳುವಂತೆ ಕೇಳಿ. ಬಿಡಿ ಕಲ್ಲುಗಳ ಹತ್ತು ಭಾಗದಲ್ಲೊಂದು ಭಾಗವನ್ನು ಹೆಚ್ಚುವರಿಯಾಗಿ ಮಾಡಿಸಿಟ್ಟುಕೊಳ್ಳಿ; ಮುಂದೆ ಅದೇ ಬಣ್ಣ, ಅದೇ ಅಳತೆ ಸಿಗುವುದು ಕಷ್ಟ. ವರ್ಷಕ್ಕೊಂದು ದಿನ ಎಲ್ಲರೂ ಕೂಡಿ ನಡೆಯುವ ರೂಢಿಯನ್ನೂ ಈಗಲೇ ಹಾಕಿ. ಲ್ಯುಬ್ಲ್ಯಾನಾದ ವಾರ್ಷಿಕ ನಡಿಗೆ 1957ರಲ್ಲಿ ಶುರುವಾಯಿತು, ಹಾದಿ ಪೂರ್ಣ ರೂಪಕ್ಕೆ ಬಂದದ್ದು 1985ರಲ್ಲಿ. ನಡಿಗೆ ಮೊದಲು, ಹಾದಿ ಆಮೇಲೆ.

ನದೀತೀರ

ಕೊನೆಯ ಸಲಹೆಯಂತೆ ಮೊನ್ನೆ ಭಾನುವಾರ ಒಂದು ಪ್ರಯೋಗ ಮಾಡಿದೆವು. ಹಳೆಯ ನಕ್ಷೆಯನ್ನು ಹಿಡಿದು, ಮೊದಲ 2 ಕಿ.ಮೀ. ಉದ್ದಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತ ನಡೆದೆವು. ಅರ್ಧ ದಾರಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಬಾಗಿಲಿಗೆ ಬಂದು ಸ್ವಲ್ಪ ಹೊತ್ತು ನೋಡಿ, ‘ನೀರು ಆ ಕಡೆಯಿಂದ ಬರಲಿಲ್ಲಪ್ಪ, ಹಿಂದಿನ ಮೋರಿಯಿಂದ ಬಂತು, ನದಿ ಆಮೇಲೆ ಬಂದದ್ದು’ ಎಂದರು. ಅಕ್ಕಪಕ್ಕದ ಇನ್ನಿಬ್ಬರು ಹೊರಗೆ ಬಂದು ಅದನ್ನೇ ಹೇಳಿದರು. ಒಬ್ಬರು ಒಳಗೆ ಕರೆದು, ಅಡುಗೆಮನೆಯ ಗೋಡೆಯಲ್ಲಿ ಬಣ್ಣದಡಿ ಇನ್ನೂ ಉಬ್ಬಿಕೊಂಡಿರುವ ತೇವದ ಪಟ್ಟಿಯನ್ನು ತೋರಿಸಿದರು. ನಮ್ಮ ನಕ್ಷೆಯಲ್ಲಿ ಆ ಮೋರಿಯೇ ಇಲ್ಲ. ಸುಮಾರು 300 ಮೀಟರ್ ಗೆರೆಯನ್ನು ಪೊರಕೆಯಿಂದ ಗುಡಿಸಿ ಹಿಂತಿರುಗಿದ್ದೇವೆ. ಮುಂದಿನ ಭಾನುವಾರ ಅವರನ್ನೇ ಮುಂದೆ ಬಿಟ್ಟುಕೊಂಡು ಮತ್ತೆ ಎಳೆಯುತ್ತೇವೆ.