ಸಹಾಯ ಬೇಕು: ಎರಡನೇ ಗೇರ್ ಮಾತ್ರ ಉಜ್ಜುತ್ತೆ, ಸಿಂಕ್ರೊ ರಿಂಗ್ (ಗೇರ್ ಬೀಳೋ ಮುಂಚೆ ವೇಗ ಸರಿಹೊಂದಿಸೋ ಹಿತ್ತಾಳೆ ಬಳೆ) ಒಂದೇ ಬದಲಿಸಿದ್ರೆ ಸಾಕಾ?

5 ಸ್ಪೀಡ್ ಮ್ಯಾನುಯಲ್, ಫ್ರಂಟ್ ವೀಲ್ ಡ್ರೈವ್. ಗೇರ್‌ಬಾಕ್ಸ್ ಬಿಸಿಯಾದ ಮೇಲೆ ಮೂರರಿಂದ ಎರಡಕ್ಕೆ ಇಳಿಸಿದ್ರೆ ಕರ್ರ್ ಅನ್ನುತ್ತೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಸ್ವಲ್ಪ ರೇಸ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಹಾಕಿದ್ರೆ ಸದ್ದೇ ಇಲ್ಲ. ಕ್ಲಚ್ ಪೂರ್ತಿ ಬಿಡ್ತಿದೆ, ಯಾಕಂದ್ರೆ ನಿಂತಿದ್ದಾಗ ರಿವರ್ಸ್ ಸಲೀಸಾಗಿ ಬೀಳುತ್ತೆ. ಗೇರ್ ಕೇಬಲ್ ಅಡ್ಜಸ್ಟ್ ಆಯ್ತು. ಆಯಿಲ್ ಹೊಸದು, 75ಡಬ್ಲ್ಯು-90 ಜಿಎಲ್-4 (ಜಿಎಲ್ ಅಂದ್ರೆ ಗೇರ್ ಆಯಿಲ್ ದರ್ಜೆ; ಯಾರೂ ಜಿಎಲ್-5 ಹಾಕಿ ನೋಡು ಅನ್ಬೇಡಿ, ಹಿತ್ತಾಳೆ ರಿಂಗಿಗೆ ಅದು ಒಳ್ಳೇದಲ್ಲ). ಹಳೆ ಆಯಿಲಲ್ಲಿ ಹಿತ್ತಾಳೆ ಪುಡಿ ಮಿನುಗ್ತಿತ್ತು. ಡ್ರೈನ್ ಪ್ಲಗ್ ಮ್ಯಾಗ್ನೆಟ್‌ನಲ್ಲಿ ಬರೀ ಬೂದು ಪೇಸ್ಟ್, ಉಕ್ಕಿನ ಚೂರಿಲ್ಲ. ಅಂದ್ರೆ ರಿಂಗ್ ಸವೆದಿರೋದು ಹೆಚ್ಚುಕಮ್ಮಿ ಖಚಿತ.

ಬಾಕ್ಸ್ ಬಿಚ್ಚಿದಾಗ ರಿಂಗನ್ನ ಗೇರ್ ಕೋನ್ (ರಿಂಗ್ ಕೂರೋ ಇಳಿಜಾರು ಭಾಗ) ಮೇಲೆ ಒತ್ತಿ ಫೀಲರ್ ಗೇಜ್‌ನಲ್ಲಿ (ಸಂದು ಅಳೆಯೋ ತೆಳು ಪಟ್ಟಿ) ಗ್ಯಾಪ್ ಅಳೆಯೋದು ಗೊತ್ತು. ಗೊಂದಲ ಸ್ಲೀವ್ (ಜಾರಿ ಬಂದು ಗೇರನ್ನ ಶಾಫ್ಟಿಗೆ ಲಾಕ್ ಮಾಡೋ ಬಳೆ) ಬಗ್ಗೆ. ಸ್ಲೀವ್ ಮತ್ತು ಗೇರಿನ ಡಾಗ್ ಹಲ್ಲಿನ (ಸ್ಲೀವ್ ಕಚ್ಚಿಕೊಳ್ಳೋ ಚಿಕ್ಕ ಹಲ್ಲು) ತುದಿ ಎಷ್ಟು ಮೊಂಡಾಗಿದ್ರೆ ಬದಲಿಸಲೇಬೇಕು, ಎಷ್ಟಿದ್ರೆ ಹೊಸ ರಿಂಗ್ ಒಂದರಲ್ಲೇ ಮುಗಿಸಬಹುದು?