ತೊಗರಿ ಹೊಲದ ಸಿನಿಮಾಕ್ಕೆ ಕೊಡಲಿಯ ಪೋಸ್ಟರ್ ಬೇಕೇ?

ಆಳಂದದವನು
ಎಲ್ಲರಿಗೂ ನಮಸ್ಕಾರ. ಗೆಳೆಯರು ಕೂಡಿ ಒಂದು ಸಿನಿಮಾ ಮಾಡಿದ್ದೇವೆ. ಮಳೆ ಕೈಕೊಟ್ಟ ವರ್ಷ ಮಗ ದುಡಿಯಲು ಪುಣೆಗೆ ಹೋಗುತ್ತಾನೆ, ತಾಯಿ ಒಬ್ಬಳೇ ತೊಗರಿ ಹೊಲ ನೋಡಿಕೊಳ್ಳುತ್ತಾಳೆ. ಕಥೆ ಇಷ್ಟೇ. ಮೊದಲು ಕಲಬುರಗಿ, ಆಮೇಲೆ ಆಳಂದ, ಸೇಡಂ, ಜೇವರ್ಗಿಯಲ್ಲಿ ತೋರಿಸುತ್ತೇವೆ. ಬೆಂಗಳೂರಿನ ವಿನ್ಯಾಸಕರೊಬ್ಬರು ಮಾಡಿಕೊಟ್ಟ ಪೋಸ್ಟರಿನಲ್ಲಿ ಮಗನ ಸಿಟ್ಟಿನ ಮುಖ, ಕೈಯಲ್ಲಿ ಕೊಡಲಿ, ಹಿಂದೆ ಹಸಿರು ಭತ್ತದ ಗದ್ದೆ. ಹುಡುಗರನ್ನು ಸೆಳೆಯಲು ಹೀಗೇ ಇರಬೇಕಂತೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಹಿರಿಯರು ಹೇಳಿ.

ಮುದ್ರಣದ ಅಂಗಡಿ, ಕಲಬುರಗಿ
ತಮ್ಮಾ, ಮೊದಲು ಆ ಗದ್ದೆ ತೆಗೆಸು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಈ ನೆಲದ್ದೇ ವಿಶೇಷ ಬೆಳೆ ಎಂಬ, ಮಾನ್ಯತೆ ಸಿಕ್ಕಿದೆ. ಅದನ್ನು ಬೆಳೆಯುವವರಿಗೇ ಭತ್ತ ತೋರಿಸುವುದೇ? ಎರೆ ಹೊಲ, ಎದೆಯೆತ್ತರದ ಗಿಡ, ಮೈತುಂಬ ಹಳದಿ ಹೂ ಕಂಡರೆ ಬಸ್ಸಿನಲ್ಲಿ ಕುಳಿತವನೂ ನಮ್ಮ ಕಡೆಯದು ಎಂದು ಕತ್ತು ಹೊರಳಿಸುತ್ತಾನೆ. ತಾಯಿಯ ತಲೆಯ ಮೇಲೆ ಸೆರಗಿರಲಿ, ಇಳಕಲ್ ಸೀರೆಯ ಅಂಚು ಕಾಣಲಿ. ಹೆಣ್ಣುಮಕ್ಕಳು ಮೊದಲು ನೋಡುವುದೇ ಅದನ್ನು.

ಇನ್ನು ಕೊಡಲಿ. ಹೊಡೆದಾಟ ನೋಡಲು ಬಂದ ಹುಡುಗ ಅರ್ಧಕ್ಕೇ ಎದ್ದು ಹೋಗುತ್ತಾನೆ, ಹೊರಗೆ ನಿಂತವರಿಗೂ ಬೇಡವೆನ್ನುತ್ತಾನೆ. ಬರಬೇಕಾದ ತಾಯಂದಿರು ಕೊಡಲಿ ಕಂಡು ಬರುವುದೇ ಇಲ್ಲ. ಈ ಸಿನಿಮಾ ಯಾರದು? ಮಗನನ್ನು ಪುಣೆ, ಮುಂಬೈ, ಹೈದರಾಬಾದಿಗೆ ಕಳಿಸಿದ ಮನೆಗಳದು. ಹೋದ ಹುಡುಗರದೂ ಹೌದು. ತಾಯಿಯ ಮುಖ ದೊಡ್ಡದಾಗಿ ಹಾಕು. ಮಗ ಚೀಲ ಹೆಗಲಿಗೇರಿಸಿ, ಬೆನ್ನು ತೋರಿಸಿ ಹೊರಟಿರಲಿ. ಆ ಹುಡುಗರನ್ನು ಸೆಳೆಯಲು ಅದು ಸಾಕು.

ಹೆಸರಿಗೆ ಚೂಪು ಚೂಪಾದ, ಒಡೆದ ಅಕ್ಷರ ಬೇಡ. ಕನ್ನಡದ ಒತ್ತಕ್ಷರ ಕೆಳಗಿನ ಸಾಲಿಗೆ ತಗುಲಿದರೆ ದೂರದಿಂದ ಏನೂ ತಿಳಿಯುವುದಿಲ್ಲ. ಒಂದು ಪ್ರತಿ ತೆಗೆದು ಗೋಡೆಗೆ ಅಂಟಿಸಿ, ರಸ್ತೆಯ ಆಚೆ ಬದಿ ನಿಂತು ಓದು. ಓದಲಾಗದಿದ್ದರೆ ಬದಲಿಸು.

ಬೀದರಿನ ವಿದ್ಯಾರ್ಥಿನಿ
ಅಣ್ಣ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಪರದೆಯ ಮೇಲೆ ಹೊಳೆಯುವ ಕಡುನೀಲಿ, ಎಲೆಹಸಿರು ನಾಲ್ಕು ಶಾಯಿಗಳ ಮುದ್ರಣದಲ್ಲಿ ಮಂಕಾಗುತ್ತವೆ; ಹಳದಿ ಅಷ್ಟು ಕೆಡುವುದಿಲ್ಲ. ಹಾಗಾಗಿ ತೊಗರಿ ಹೂ ನಿಮಗೆ ಅನುಕೂಲವೇ. ವಾಟ್ಸ್‌ಆ್ಯಪಿಗೆ ಮಾತ್ರ ಬೇರೆಯೇ ಪೋಸ್ಟರ್ ಮಾಡಿ: ತಾಯಿಯ ಮುಖ, ಹೆಸರು, ತಾರೀಕು. ಗೋಡೆಯದನ್ನೇ ಕುಗ್ಗಿಸಿ ಕಳಿಸಿದರೆ ಚೀಲ ಹೊತ್ತ ಮಗ ಚುಕ್ಕೆಯಾಗಿಬಿಡುತ್ತಾನೆ.

ಆಳಂದದವನು
ಹೂ ಬಿಟ್ಟ ಹೊಲದಲ್ಲಿ ತಾಯಿ ಪಾತ್ರದವರು ನಿಂತ ಚಿತ್ರ ನಮ್ಮಲ್ಲೇ ಇದೆ, ಅಣ್ಣಾ. ಕಲಬುರಗಿಯಲ್ಲಿ ಉರ್ದು ಓದುವವರೂ ಬಹಳ. ಅವರಿಗೆ ಬೇರೆ ಪೋಸ್ಟರ್ ಬೇಕೇ?

ಮುದ್ರಣದ ಅಂಗಡಿ, ಕಲಬುರಗಿ
ಬೇರೆ ಬೇಡ. ಮಗ ದೂರ ಹೋದ ಸಂಕಟ ಅವರ ಮನೆಗಳಲ್ಲೂ ಇದೆ, ಚಿತ್ರ ಅದೇ ಇರಲಿ. ಕನ್ನಡದ ಹೆಸರು ದೊಡ್ಡದಾಗಿಯೇ ಇರಲಿ. ಬಂದೇನವಾಜ್ ದರ್ಗಾದ ಸುತ್ತ ಅಂಟಿಸುವ ಪ್ರತಿಗಳಲ್ಲಿ ಅದರ ಕೆಳಗೆ ಉರ್ದುವಿನಲ್ಲಿ ಹೆಸರು, ಸ್ಥಳ, ಹೊತ್ತು ಬರೆಸು. ಬರೆದದ್ದನ್ನು ಉರ್ದು ಬಲ್ಲವರಿಗೆ ತೋರಿಸಿಯೇ ಮುದ್ರಣಕ್ಕೆ ಕೊಡು. ಸೆನ್ಸಾರ್ ದರ್ಜೆಯನ್ನೂ ಕಾಣುವಂತೆ ಹಾಕು. 2024ರ ನಿಯಮಗಳ ಪ್ರಕಾರ ಯು/ಎ ದರ್ಜೆಯಲ್ಲಿ, ಅಂದರೆ ಚಿಕ್ಕವರು ನೋಡಲು ಹೆತ್ತವರ ಮಾರ್ಗದರ್ಶನ ಬೇಕೆನ್ನುವ ದರ್ಜೆಯಲ್ಲಿ, ವಯಸ್ಸಿಗೆ ತಕ್ಕಂತೆ 7+, 13+, 16+ ಎಂದು ಮೂರು ಬಗೆ ಇವೆ. ಮಕ್ಕಳನ್ನು ಕರೆತರುವವರು ಅದನ್ನು ನೋಡುತ್ತಾರೆ.