ಎಡಿಎಚ್‌ಡಿ ಮಾತ್ರೆ ಬರೆಯಲ್ಲ ಅಂತಾರೆ ಡಾಕ್ಟ್ರು, ಅನುಭವ ಇದ್ದವರು ಹೇಳಿ

ಹಾಸನದ ಲೆಕ್ಕಿಗ: ವಯಸ್ಸು 27. ಬೆಂಗಳೂರಿನಲ್ಲಿದ್ದಾಗ ಎಡಿಎಚ್‌ಡಿ (ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ) ಅಂತ ಗೊತ್ತಾಗಿ ಮೀಥೈಲ್‌ಫೆನಿಡೇಟ್ 10 ಮಿ.ಗ್ರಾಂ ತಗೊಳ್ತಿದ್ದೆ. ಈಗ ಊರಿಗೆ ಬಂದಿದ್ದೇನೆ. ಇಲ್ಲಿಯ ಡಾಕ್ಟರ್ ನನ್ನ ಫೈಲ್ ಬಿಚ್ಚಲೂ ಇಲ್ಲ. "ಅದು ಮಕ್ಕಳ ಕಾಯಿಲೆ. ಮಾತ್ರೆ ಚಟ ಆಗುತ್ತೆ, ಬರೆಯಲ್ಲ" ಅಂದರು. ಇನ್ನು ಆರು ಮಾತ್ರೆ ಉಳಿದಿವೆ. ನೀವೆಲ್ಲ ಏನು ಮಾಡಿದಿರಿ?

ಬೇಲೂರಿನ ಅಮ್ಮ: ನಮ್ಮ ಕಥೆ ಕೇಳಿ. ಮಗನಿಗೆ ಆಗ ಒಂಬತ್ತು ವರ್ಷ. ಮೂರು ಸಲ ಹಾಸನಕ್ಕೆ ಕರೆದುಕೊಂಡು ಹೋದೆ. ಪ್ರತಿ ಸಲ 500 ರೂಪಾಯಿ ಫೀಸು, ಬಸ್ ಚಾರ್ಜು ಬೇರೆ. ಮೂರನೇ ಸಲ ಆ ಡಾಕ್ಟರ್ "ನೀವೇ ಮುದ್ದು ಮಾಡಿ ಕೆಡಿಸಿದ್ದೀರಿ" ಅಂದರು. ಬಸ್‌ಸ್ಟ್ಯಾಂಡ್‌ನಲ್ಲಿ ಕೂತು ಅತ್ತಿದ್ದೇನೆ. ಆಮೇಲೆ ನಿಮ್ಹಾನ್ಸ್‌ಗೆ ಹೋದೆವು. ರಾತ್ರಿ ಎರಡಕ್ಕೆ ಕಾರು ಬಾಡಿಗೆ, 5,500. ಶಾಲೆಯವರು ತುಂಬಿ ಕೊಡಬೇಕಾದ ಒಂದು ಫಾರಂ ಕೊಟ್ಟರು. ಮಿಸ್ಸು ಅದನ್ನು ಇಪ್ಪತ್ತಾರು ದಿನ ಇಟ್ಟುಕೊಂಡರು. ಮತ್ತೆ ಕಾರು, ಮತ್ತೆ 5,500. ಮಾತ್ರೆ ಶುರುವಾದ ಮೇಲೆ ಮಧ್ಯಾಹ್ನದ ಡಬ್ಬಿ ಹಾಗ್‌ಹಾಗೇ ವಾಪಸ್ ಬರುತ್ತಿತ್ತು. ಎರಡು ಕೆಜಿ ಇಳಿದ. ಈಗ ಬೆಳಗ್ಗೆ ಮಾತ್ರೆಗೆ ಮುಂಚೆ ಬೆಣ್ಣೆ ಹಚ್ಚಿ ಅಕ್ಕಿರೊಟ್ಟಿ ತಿನ್ನಿಸುತ್ತೇನೆ, ರಾತ್ರಿ ಇನ್ನೊಂದು ಸಲ ಊಟ. ಆದರೆ ಒಂದು ಸಂಜೆ ಅವನ ಲೆಕ್ಕದ ಪುಸ್ತಕ ತೆಗೆದೆ. ಒಂದು ಲೆಕ್ಕ ಪೂರ್ತಿ ಮಾಡಿ, ಉತ್ತರದ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದಿದ್ದ. ಆ ಪುಟ ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಮೂಡಿಗೆರೆ ತೋಟದವನು: ನಾನು ಮಗಳಿಗೆ ಒಂದು ಮಾತ್ರೆಯನ್ನೂ ಕೊಡಲಿಲ್ಲ. ವಾರಕ್ಕೆ ಎರಡು ದಿನ ಚಿಕ್ಕಮಗಳೂರಿಗೆ ಥೆರಪಿಗೆ ಕರೆದುಕೊಂಡು ಹೋದೆ. ಒಂದು ಸಲಕ್ಕೆ 700, ಹದಿನಾಲ್ಕು ತಿಂಗಳು. ಕಾಫಿ ಕೊಯ್ಲಿನ ಸಮಯದಲ್ಲೂ ಆಳುಗಳನ್ನು ಬಿಟ್ಟು ಹೋಗಿದ್ದೇನೆ. ಮನೆಯಲ್ಲಿ ಗೋಡೆಗೆ ದಿನದ ಪಟ್ಟಿ ಅಂಟಿಸಿದೆವು, ಟಿವಿ ತೆಗೆದೆವು. ಈಗ ಅವಳು ಎಂಟನೇ ಕ್ಲಾಸು, ಚೆನ್ನಾಗಿದ್ದಾಳೆ. ಮಾತ್ರೆ ಕೊಟ್ಟು ಮಕ್ಕಳನ್ನು ಗೊಂಬೆ ಮಾಡಬೇಡಿ. ಡಾಕ್ಟರ್ ಬರೆಯದಿದ್ದದ್ದೇ ಒಳ್ಳೇದಾಯ್ತು.

ಬೇಲೂರಿನ ಅಮ್ಮ: ನನ್ನ ಮಗ ಗೊಂಬೆ ಅಲ್ಲ ಸ್ವಾಮಿ. ಹದಿನಾಲ್ಕು ತಿಂಗಳು ವಾರಕ್ಕೆರಡು ದಿನ ಕೆಲಸ ಬಿಡೋಕೆ ನನಗೆ ತೋಟ ಇಲ್ಲ. ಟೈಲರಿಂಗ್ ಮಾಡಿ ಮನೆ ನಡೆಸುವವಳು ನಾನು.

ಮೂಡಿಗೆರೆ ತೋಟದವನು: ತೋಟ ಇದ್ದರೆ ದುಡ್ಡು ಗಿಡದಲ್ಲಿ ಬಿಡುತ್ತೆ ಅಂದ್ಕೊಂಡಿದ್ದೀರಾ? ಆ ವರ್ಷ ಮಳೆಗೆ ಹಣ್ಣೆಲ್ಲ ಉದುರಿಹೋಗಿತ್ತು. ಸಾಲ ಮಾಡಿ ಫೀಸು ಕಟ್ಟಿದೆ.

ಅರಸೀಕೆರೆ ಮೆಡಿಕಲ್ಸ್: ಇಬ್ಬರೂ ಸ್ವಲ್ಪ ತಡೀರಿ. ಕೇಳಿದವರಿಗೆ ಇಪ್ಪತ್ತೇಳು ವರ್ಷ, ಮಗು ಅಲ್ಲ. ಅಂಗಡಿ ನಡೆಸುವವನಾಗಿ ಹೇಳ್ತೀನಿ. ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್‌ನಲ್ಲಿದೆ, ಅಂದರೆ ಬಿಗಿ ನಿಯಮದ ಔಷಧಿಗಳ ಪಟ್ಟಿಯಲ್ಲಿ; ಎನ್‌ಡಿಪಿಎಸ್ ಅನ್ನೋ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲೂ ಇದೆ. ಅದನ್ನು ಮಾರೋಕೆ ಬೇರೆ ಲೈಸೆನ್ಸೇ ಬೇಕು. ಡಾಕ್ಟರ್ ಚೀಟಿ ಎರಡು ಪ್ರತಿ ಬರೆಯಬೇಕು, ಒಂದನ್ನು ನಾವು ಎರಡು ವರ್ಷ ಜೋಪಾನವಾಗಿಡಬೇಕು. ನಾನು ಆ ಲೈಸೆನ್ಸ್ ಮಾಡಿಸಿಯೇ ಇಲ್ಲ. ತಿಂಗಳಿಗೆ ಒಬ್ಬರೋ ಇಬ್ಬರೋ ಕೇಳುವುದಕ್ಕೆ ಯಾರು ಅಷ್ಟು ಓಡಾಡುತ್ತಾರೆ? ಫೋನಿನಲ್ಲಿ ನೋಡುವ ಡಾಕ್ಟರ್ ಬರೆದುಕೊಡ್ತಾರೆ ಅಂತಲೂ ಕಾಯಬೇಡಿ. 2020ರ ಟೆಲಿಮೆಡಿಸಿನ್ ನಿಯಮದಲ್ಲಿ ಈ ಮಾತ್ರೆಗೆ ಅವಕಾಶವೇ ಇಲ್ಲ. ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ: ಕಾಯಿಲೆ ಇಲ್ಲ ಅಂತಲೋ, ಇಲ್ಲಿ ಮಾತ್ರೆ ಸಿಗಲ್ಲ ಅಂತಲೋ? ಎರಡೂ ಬೇರೆ ಬೇರೆ ಅಲ್ವಾ.

ಸಕಲೇಶಪುರದ ಮೇಷ್ಟ್ರು: ನನಗೆ ನಲವತ್ತೊಂದಕ್ಕೆ ಗೊತ್ತಾಯ್ತು. ಮೊದಲ ಡಾಕ್ಟರ್ ಬರೆಯಲ್ಲ ಅಂದಾಗ ಜಗಳವಾಡಿ ಎದ್ದು ಬಂದೆ. ಅವರು ಹೇಳಿದ್ದೇ ಸರಿಯಿತ್ತು. ಬಿಪಿ 150/100. ಮೊದಲು ಅದಕ್ಕೆ ಔಷಧಿ, ಇಸಿಜಿ, ನಾಲ್ಕು ತಿಂಗಳು ಕಾಯುವುದು. ಆಮೇಲೆ ಎಡಿಎಚ್‌ಡಿಗೆ ಅಟೊಮಾಕ್ಸೆಟಿನ್ ಅನ್ನೋ ಬೇರೆ ಔಷಧಿ ಕೊಟ್ಟರು. ಅದು ಶೆಡ್ಯೂಲ್ ಎಕ್ಸ್ ಅಲ್ಲ, ಹಾಸನದಲ್ಲೇ ಸಿಕ್ಕಿತು. ಮೊದಲ ವಾರ ಖಾಲಿ ಹೊಟ್ಟೆಯಲ್ಲಿ ನುಂಗಿ, ಪ್ರಾರ್ಥನೆ ಹೊತ್ತಲ್ಲೇ ವಾಂತಿ ಬಂತು. ಐದು ವಾರ ಏನೂ ಗೊತ್ತಾಗಲಿಲ್ಲ, ದುಡ್ಡು ದಂಡ ಅಂತಿದ್ದೆ. ಆರನೇ ವಾರ ನಲವತ್ತು ಉತ್ತರಪತ್ರಿಕೆ ಒಂದೇ ಸಲ ಕೂತು ತಿದ್ದಿದೆ.
ಇನ್ನೊಂದು ಮಾತು. ದೊಡ್ಡವರಿಗೆ ಬರಲ್ಲ ಅನ್ನುವುದು ತಪ್ಪು. ಹನ್ನೆರಡು ವರ್ಷದೊಳಗೆ ಲಕ್ಷಣ ಇತ್ತಾ ಅಂತ ನೋಡುತ್ತಾರೆ, ಅಷ್ಟೆ. ನನ್ನಮ್ಮ ಟ್ರಂಕಿನ ತಳದಿಂದ ನಾಲ್ಕನೇ ಕ್ಲಾಸಿನ ಪ್ರಗತಿಪತ್ರ ತೆಗೆದುಕೊಟ್ಟರು. "ಬುದ್ಧಿವಂತ. ಕೂತಲ್ಲಿ ಕೂರುವುದಿಲ್ಲ" ಅಂತ ಶಾಯಿಯಲ್ಲಿ ಬರೆದಿತ್ತು. ನಿಮ್ಮದೂ ಹುಡುಕಿಸಿ.

ಮೂಡಿಗೆರೆ ತೋಟದವನು: ಕೂತಲ್ಲಿ ಕೂರದ ಮಕ್ಕಳಿಗೆಲ್ಲ ಕಾಯಿಲೆ ಅಂದರೆ ನಮ್ಮ ಕಾಲದ ಅರ್ಧ ಕ್ಲಾಸಿಗೆ ಇತ್ತು.

ಸಕಲೇಶಪುರದ ಮೇಷ್ಟ್ರು: ಇಪ್ಪತ್ತು ವರ್ಷದಿಂದ ಕ್ಲಾಸು ನೋಡ್ತಿದ್ದೇನೆ. ಎರಡಕ್ಕೂ ವ್ಯತ್ಯಾಸ ನನಗೆ ಗೊತ್ತು. ನನ್ನ ಜೊತೆ ಓದಿದ ಅಂಥ ಒಬ್ಬ ಏಳನೇ ಕ್ಲಾಸಿಗೇ ಶಾಲೆ ಬಿಟ್ಟ. ಅವನನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

ಬೇಲೂರಿನ ಅಮ್ಮ: ಸರಿಯಾಗಿ ಹೇಳಿದಿರಿ ಮೇಷ್ಟ್ರೇ. ಆದರೆ ಫಾರಂ ತುಂಬಿ ಕೊಡೋಕೆ ತಿಂಗಳು ತಗೊಳ್ಳೋರೂ ಮೇಷ್ಟ್ರುಗಳೇ.

ಸಕಲೇಶಪುರದ ಮೇಷ್ಟ್ರು: ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಎಲ್ಲ ನಮ್ಮ ತಲೆ ಮೇಲೆ. ಒಂದು ದಿನ ಬಂದು ನೋಡಿ ತಾಯಿ.

ಹಾಸನದ ಲೆಕ್ಕಿಗ: ಇವತ್ತು ಮತ್ತೆ ಹೋಗಿ ನೇರವಾಗಿ ಕೇಳಿದೆ. "ಇಲ್ಲಿ ಯಾವ ಅಂಗಡಿಯಲ್ಲೂ ಇಡಲ್ಲ, ಬರೆದು ಏನು ಪ್ರಯೋಜನ" ಅಂದರು. ಈ ಸಲ ಫೈಲ್ ನೋಡಿದರು. ಬಿಪಿ, ತೂಕ ಬರೆದುಕೊಂಡು ಹಳೆಯ ಡಾಕ್ಟರಿಗೆ ಒಂದು ಪತ್ರ ಕೊಟ್ಟಿದ್ದಾರೆ. ಶನಿವಾರ ಬೆಂಗಳೂರಿಗೆ ಹೋಗ್ತೀನಿ. ಬೆಳಗಿನ ಟ್ರೈನು ಒಳ್ಳೇದಾ, ಬಸ್ಸಾ?

ಅರಸೀಕೆರೆ ಮೆಡಿಕಲ್ಸ್: ಯಾವುದರಲ್ಲಾದರೂ ಹೋಗಿ. ಚೀಟಿ ಎರಡು ಪ್ರತಿ ಬರೆಸಿಕೊಳ್ಳಿ, ಮಾತ್ರೆ ಅಲ್ಲೇ ತಗೊಂಡು ಬಸ್ಸು ಹತ್ತಿ.